ಸಂಬಳ ಆಮೇಲೆ, ಮೊದಲು ರೋಸ್ಟರ್ ನೋಡಿ

ಪೈಲಟ್ ಆಗಲು ಎಷ್ಟು ಖರ್ಚಾಗುತ್ತದೆ ಎಂದು ಕೇಳುವ ಅಪ್ಪ-ಅಮ್ಮಂದಿರ ಪತ್ರಗಳು ಈ ಅಂಕಣಕ್ಕೆ ಮೊದಲಿನಿಂದಲೂ ಬರುತ್ತಿವೆ. ಈಚೆಗೆ ಇನ್ನೊಂದು ಬಗೆಯ ಪತ್ರ ಸೇರಿಕೊಂಡಿದೆ. ಬರೆಯುವವರು ಆಗಲೇ ಪೈಲಟ್ ಆಗಿರುವವರು, ಇಲ್ಲವೇ ಅವರ ಮನೆಯವರು. ‘ಸರ್, ದುಬೈಯಿಂದ ಆಫರ್ ಬಂದಿದೆ. ಇಲ್ಲಿಗಿಂತ ಸಂಬಳ ಜಾಸ್ತಿ, ತೆರಿಗೆಯೂ ಇಲ್ಲ. ಹೋಗುವುದೋ ಬೇಡವೋ?’ ದುಬೈ ಇದ್ದ ಕಡೆ ಕೆಲವೊಮ್ಮೆ ದೋಹಾ, ಅಬುಧಾಬಿ ಇರುತ್ತದೆ, ಅಷ್ಟೇ ವ್ಯತ್ಯಾಸ. ಎಲ್ಲರೂ ಸಂಬಳವನ್ನು ದಿರ್ಹಮ್‌ನಲ್ಲೂ ರೂಪಾಯಿಯಲ್ಲೂ ಬರೆದಿರುತ್ತಾರೆ. ತಿಂಗಳಲ್ಲಿ ಎಷ್ಟು ರಾತ್ರಿ ಮನೆಯಲ್ಲಿ ಮಲಗಬಹುದು ಎಂಬುದನ್ನು ಯಾರೂ ಬರೆದಿರುವುದಿಲ್ಲ. ನಾನು ಕೆಲವು ವರ್ಷ ಕೊಲ್ಲಿಯ ಕಂಪನಿಯೊಂದರಲ್ಲಿ ವಿಮಾನ ಹಾರಿಸಿ ಬಂದವನು. ಹೋಗಬೇಡಿ ಎಂದು ಹೇಳುವ ಇರಾದೆ ನನಗಿಲ್ಲ. ಆದರೆ ಲೆಕ್ಕ ಹಾಕುವಾಗ ಸಂಬಳದ ಚೀಟಿಗಿಂತ ಮೊದಲು ರೋಸ್ಟರ್, ಅಂದರೆ ತಿಂಗಳ ಡ್ಯೂಟಿ ಪಟ್ಟಿ, ಕೈಯಲ್ಲಿರಬೇಕು ಎಂಬುದು ನನ್ನ ವಾದ.

ಆದರೂ ಹಣದ ಮಾತನ್ನು ಮೊದಲು ಮುಗಿಸಿಬಿಡೋಣ. ಇಲ್ಲದಿದ್ದರೆ ಉಳಿದದ್ದನ್ನು ಓದುವಾಗಲೂ ಮನಸ್ಸು ಅಲ್ಲೇ ಇರುತ್ತದೆ. ಲೆಕ್ಕಕ್ಕೆ ಸುಲಭವಾಗಲಿ ಎಂದು ಬೆಂಗಳೂರಿನ ಒಬ್ಬ ಕ್ಯಾಪ್ಟನ್‌ಗೆ ತಿಂಗಳಿಗೆ ₹8 ಲಕ್ಷ ಎಂದಿಟ್ಟುಕೊಳ್ಳಿ. ವರ್ಷಕ್ಕೆ ₹96 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ ತೆರಿಗೆ, ಸರ್ಚಾರ್ಜ್, ಸೆಸ್ ಎಲ್ಲ ಸೇರಿ ಸುಮಾರು ₹28 ಲಕ್ಷ ಹೋಗುತ್ತದೆ. ತಿಂಗಳಿಗೆ ಕೈಗೆ ಬರುವುದು ₹5.7 ಲಕ್ಷದ ಆಸುಪಾಸು. ಅದೇ ವ್ಯಕ್ತಿಗೆ ದುಬೈಯಲ್ಲಿ 40,000 ದಿರ್ಹಮ್ ಕೊಡುತ್ತಾರೆ ಎಂದುಕೊಳ್ಳಿ. ದಿರ್ಹಮ್‌ಗೆ ₹24ರ ಲೆಕ್ಕದಲ್ಲಿ ₹9.6 ಲಕ್ಷ, ಅಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. ತಿಂಗಳಿಗೆ ₹4 ಲಕ್ಷ ಹೆಚ್ಚು ಎಂದು ಪತ್ರ ಬರೆಯುವವರು ಇಲ್ಲಿಗೇ ಲೆಕ್ಕ ನಿಲ್ಲಿಸುತ್ತಾರೆ. ಆದರೆ ದುಬೈಯಲ್ಲಿ ಖರ್ಚೂ ದಿರ್ಹಮ್‌ನಲ್ಲೇ ಆಗಬೇಕಲ್ಲ? ಕಂಪನಿಯೇ ಮನೆ ಕೊಟ್ಟರೂ ದಿನಸಿ, ಕಾರು, ಶಾಲೆಯ ಮೇಲ್ಖರ್ಚು, ಊರಿನ ಓಡಾಟ ಸೇರಿ 15,000 ದಿರ್ಹಮ್ ಹೋಯಿತು ಎನ್ನಿ. ಉಳಿಯುವುದು ₹6 ಲಕ್ಷ. ಬೆಂಗಳೂರಿನಲ್ಲಿ ಸ್ವಂತ ಮನೆಯಿದ್ದು ₹2 ಲಕ್ಷದಲ್ಲಿ ಸಂಸಾರ ತೂಗಿಸುವವರಿಗೆ ಇಲ್ಲೇ ₹3.7 ಲಕ್ಷ ಉಳಿಯುತ್ತದೆ. ಅಂತರ ₹2.3 ಲಕ್ಷಕ್ಕೆ ಇಳಿಯಿತು. ಅದೇನೂ ಸಣ್ಣ ಮೊತ್ತವಲ್ಲ. ಆದರೆ ಆಫರ್ ಲೆಟರ್ ನೋಡಿದಾಗ ತಲೆಯಲ್ಲಿ ಮೂಡಿದ ಮೊತ್ತವೂ ಅದಲ್ಲ. ಅಂಕಿಗಳನ್ನು ನಾನು ಉದಾಹರಣೆಗೆ ಇಟ್ಟುಕೊಂಡಿದ್ದೇನೆ. ನಿಮ್ಮ ಅಂಕಿ ಹಾಕಿ ನೋಡಿ, ಹೋಲಿಸಬೇಕಾದದ್ದು ತಿಂಗಳ ಕೊನೆಗೆ ಉಳಿಯುವುದನ್ನು.

ದಿರ್ಹಮ್‌ನ ಪರವಾಗಿ ಒಂದು ಮಾತು ಹೇಳಲೇಬೇಕು. ಯುಎಇ ತನ್ನ ದಿರ್ಹಮ್ ಅನ್ನು 1997ರಿಂದ ಅಮೆರಿಕದ ಡಾಲರಿಗೆ 3.6725ರ ದರದಲ್ಲಿ ಕಟ್ಟಿಹಾಕಿದೆ. ಡಾಲರಿನ ಎದುರು ರೂಪಾಯಿ ಇಳಿದಷ್ಟೂ ದಿರ್ಹಮ್ ಏರುತ್ತದೆ. 2014ರಲ್ಲಿ ₹16–17 ಇದ್ದದ್ದು 2025ರಲ್ಲಿ ₹24ರ ಹತ್ತಿರ ಬಂದಿತ್ತು. ಊರಿನಲ್ಲಿ ಮನೆ ಸಾಲದ ಕಂತು ಕಟ್ಟುತ್ತಿರುವವರಿಗೆ ಇದು ಯಾರನ್ನೂ ಕೇಳದೆ ಬರುವ ಇನ್‌ಕ್ರಿಮೆಂಟ್.

ತೆರಿಗೆಯ ವಿಷಯದಲ್ಲಿ ಹೆಚ್ಚಿನವರು ಎಡವುವುದು ಹೊರಡುವ ತಾರೀಖಿನಲ್ಲಿ. ಕೆಲಸಕ್ಕೆಂದು ವಿದೇಶಕ್ಕೆ ಹೋಗುವ ಭಾರತೀಯರು ಆ ಹಣಕಾಸು ವರ್ಷದಲ್ಲಿ 182 ದಿನ ಇಲ್ಲೇ ಕಳೆದಿದ್ದರೆ ಆ ವರ್ಷದ ಮಟ್ಟಿಗೆ ಇಲ್ಲಿನ ನಿವಾಸಿಯೇ. ಸೆಪ್ಟೆಂಬರ್‌ನ ಕೊನೆಯ ದಿನಗಳಿಗೆ ಮೊದಲೇ ಹೋದವರಿಗೂ ಡಿಸೆಂಬರ್‌ನಲ್ಲಿ ಹೋದವರಿಗೂ ಇಲ್ಲಿ ದೊಡ್ಡ ವ್ಯತ್ಯಾಸ. ಡಿಸೆಂಬರ್‌ನವರ ದುಬೈ ಸಂಬಳದ ಮೊದಲ ಕೆಲವು ತಿಂಗಳು ಭಾರತದ ರಿಟರ್ನ್ಸ್‌ನಲ್ಲಿ ಬಂದು ಕೂರುತ್ತದೆ. ಇನ್ನು ಬಾಡಿಗೆ, ಬಡ್ಡಿ ಸೇರಿ ಭಾರತದ ಆದಾಯವೇ ₹15 ಲಕ್ಷ ದಾಟುತ್ತಿದ್ದು, ಬೇರೆಲ್ಲೂ ತೆರಿಗೆ ಕಟ್ಟದವರನ್ನು ನಿವಾಸಿ ಎಂದೇ ಎಣಿಸುವ ನಿಯಮವೊಂದು 2020ರಿಂದ ಇದೆ. ಅದಕ್ಕೆ ಹೆದರಬೇಕಿಲ್ಲ, ಅಂಥವರ ವಿದೇಶದ ಸಂಬಳಕ್ಕೆ ಇಲ್ಲಿ ತೆರಿಗೆ ಬೀಳುವುದಿಲ್ಲ. ಆದರೂ ರಾಜೀನಾಮೆ ಪತ್ರ ಬರೆಯುವ ಮೊದಲು ಒಬ್ಬ ಲೆಕ್ಕಪರಿಶೋಧಕರ ಮುಂದೆ ಅರ್ಧ ಗಂಟೆ ಕೂರುವುದು ಒಳ್ಳೆಯದು.

ಹಣದ ಲೆಕ್ಕದಲ್ಲಿ ಸಂಬಳಕ್ಕಿಂತ ಭಾರವಾದದ್ದು ಇನ್ನೊಂದಿದೆ: ಕಮಾಂಡ್. ಸಹಪೈಲಟ್‌ನಿಂದ ಕ್ಯಾಪ್ಟನ್ ಆಗುವುದಕ್ಕೆ ನಮ್ಮ ಕಾಕ್‌ಪಿಟ್ ಭಾಷೆಯಲ್ಲಿ ಕಮಾಂಡ್ ಸಿಗುವುದು ಎನ್ನುತ್ತೇವೆ. ಸಂಬಳ ನಿಜವಾಗಿ ಜಿಗಿಯುವುದು ಅಲ್ಲಿ. ಭಾರತದಲ್ಲಿ ಈಗ ಆ ಸರದಿ ಬೇಗ ಬರುವ ಕಾಲ. 2023ರಲ್ಲಿ ಏರ್ ಇಂಡಿಯಾ 470 ವಿಮಾನಗಳಿಗೆ, ಇಂಡಿಗೊ ಒಂದೇ ಏಟಿಗೆ 500 ವಿಮಾನಗಳಿಗೆ ಆರ್ಡರ್ ಕೊಟ್ಟವು. ವಿಮಾನ ಬಂದಂತೆಲ್ಲ ಎಡಗಡೆ ಸೀಟಿನಲ್ಲಿ ಕೂರುವ ಕ್ಯಾಪ್ಟನ್‌ಗಳು ಬೇಕು. ಕೊಲ್ಲಿಯ ದೊಡ್ಡ ಕಂಪನಿಗಳಲ್ಲಿ ಹಾರುವುದು ಹೆಚ್ಚಾಗಿ ದೊಡ್ಡ ವಿಮಾನಗಳು. ಎಮಿರೇಟ್ಸ್‌ನಲ್ಲಂತೂ ಪ್ರಯಾಣಿಕರ ಸಣ್ಣ ಜೆಟ್‌ಗಳೇ ಇಲ್ಲ, 777, ಎ380, ಎ350 ಮಾತ್ರ. ಅಲ್ಲಿ ಕಮಾಂಡ್‌ಗೆ ಹೆಚ್ಚು ಗಂಟೆಗಳ ಅನುಭವ ಬೇಕು, ಮುಂದೆ ನಿಂತವರ ಸಾಲೂ ಉದ್ದ. ಇಲ್ಲಿ ಸಣ್ಣ ಜೆಟ್ ಆದ ಎ320ರ ಕ್ಯಾಪ್ಟನ್ ಆಗಿದ್ದವರು ಅಲ್ಲಿ ಮತ್ತೆ ಬಲಗಡೆ ಸೀಟಿನಿಂದ ಶುರು ಮಾಡುವುದುಂಟು. ಇಲ್ಲಿ ಕಮಾಂಡ್‌ನ ಹೊಸ್ತಿಲಲ್ಲಿರುವ ಸಹಪೈಲಟ್ ಒಬ್ಬ ಅಲ್ಲಿನ ಸಹಪೈಲಟ್ ಸಂಬಳ ನೋಡಿ ಹೊರಟರೆ, ಎರಡು ವರ್ಷದಲ್ಲಿ ಬ್ಯಾಚಿನ ಗೆಳೆಯರು ಕ್ಯಾಪ್ಟನ್ ಆಗಿ ಅವನಷ್ಟೇ ಗಳಿಸುತ್ತಿರಬಹುದು. ಸೀನಿಯಾರಿಟಿಯಂತೂ ಜೊತೆಗೆ ಬರುವುದಿಲ್ಲ. ನಿಮ್ಮ ಲಾಗ್‌ಬುಕ್‌ನಲ್ಲಿ ಎಷ್ಟೇ ಗಂಟೆಗಳಿರಲಿ, ಹೊಸ ಕಂಪನಿಯ ಪಂಕ್ತಿಯಲ್ಲಿ ಕೊನೆಯ ಎಲೆ ನಿಮ್ಮದು. ರಜೆ, ಇಷ್ಟದ ರೂಟು, ಹಬ್ಬದ ದಿನದ ಬಿಡುವು ಎಲ್ಲವೂ ಮುಂದಿನವರಿಗೆ ಬಡಿಸಿ ಉಳಿದರೆ ನಿಮಗೆ.

ಈಗ ರೋಸ್ಟರ್‌ಗೆ ಬರೋಣ. ಕೊಲ್ಲಿಯ ಕಂಪನಿಗಳ ವ್ಯವಹಾರ ನಡೆಯುವುದೇ ನಡುರಾತ್ರಿಯಲ್ಲಿ. ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳಿಂದ ಬಂದವರನ್ನು ದುಬೈ ಅಥವಾ ದೋಹಾದಲ್ಲಿ ಇಳಿಸಿ, ಒಂದೆರಡು ಗಂಟೆಯೊಳಗೆ ಯುರೋಪಿಗೋ ಅಮೆರಿಕಕ್ಕೋ ಹೊರಡುವ ವಿಮಾನಕ್ಕೆ ಹತ್ತಿಸಬೇಕು. ಪ್ರಯಾಣಿಕರಿಗೆ ಅದು ಅನುಕೂಲ, ಪೈಲಟ್‌ಗೆ ನಿದ್ದೆಗೇಡು. ಒಂದು ಮಾಮೂಲಿ ಡ್ಯೂಟಿ ಹೀಗಿರುತ್ತದೆ. ದುಬೈಯಲ್ಲಿ ರಾತ್ರಿ 9ಕ್ಕೆ ರಿಪೋರ್ಟಿಂಗ್, ಹತ್ತೂವರೆಗೆ ಟೇಕಾಫ್. ಬೆಂಗಳೂರಿನಲ್ಲಿ ಇಳಿದಾಗ ಇಲ್ಲಿನ ಗಡಿಯಾರದಲ್ಲಿ ಬೆಳಗಿನ ಜಾವ ಮೂರೂಮುಕ್ಕಾಲು. ಹೊಸ ಪ್ರಯಾಣಿಕರು ಹತ್ತುವವರೆಗೆ ಒಂದೂವರೆ ಗಂಟೆ ಕಾಕ್‌ಪಿಟ್‌ನಲ್ಲೇ ಕಾಗದಪತ್ರ, ಇಂಧನದ ಲೆಕ್ಕ, ಒಂದು ಲೋಟ ಕಾಫಿ. ಮತ್ತೆ ಹೊರಟು ದುಬೈಯಲ್ಲಿ ಇಳಿದಾಗ ಅಲ್ಲಿ ಬೆಳಿಗ್ಗೆ 8. ಎದುರಿಗೆ ಸೂರ್ಯ, ಮನೆಗೆ ಕಾರು, ಕಿಟಕಿಗೆ ದಪ್ಪ ಪರದೆ. ಇದಕ್ಕೆ ಟರ್ನ್‌ಅರೌಂಡ್ ಎನ್ನುತ್ತೇವೆ. ತವರೂರಿಗೆ ಬಂದು, ದೇವನಹಳ್ಳಿಯ ದೀಪಗಳನ್ನು ಕಂಡು, ನೆಲಕ್ಕೆ ಕಾಲಿಡದೆ ವಾಪಸಾದ ರಾತ್ರಿಗಳು ನನಗೂ ಸಾಕಷ್ಟು ಆಗಿವೆ. ಆ ಹೊತ್ತಿಗೆ ಅಮ್ಮ ಎದ್ದು ಬಾಗಿಲಿಗೆ ನೀರು ಹಾಕುತ್ತಿರುತ್ತಿದ್ದಳು, ಮನೆ ಇರುವುದು ಅಲ್ಲಿಂದ ಒಂದು ಗಂಟೆಯ ದಾರಿಯಲ್ಲಿ.

ಕಳೆದ ವರ್ಷ ಹಾಸನ ಕಡೆಯ ಒಬ್ಬ ಸಹಪೈಲಟ್ ಹೆಂಡತಿಯೊಡನೆ ಮನೆಗೆ ಬಂದಿದ್ದ. ಅವನ ಅಪ್ಪ ನನಗೆ ಹಳೆಯ ಸ್ನೇಹಿತ. ಹುಡುಗ ಆಫರ್ ಲೆಟರ್ ತೆಗೆದ. ಹುಡುಗಿ ಕೈಚೀಲದಿಂದ ಇನ್ನೊಂದು ಕಾಗದ ತೆಗೆದಳು. ಅದೇ ಕಂಪನಿಯಲ್ಲಿರುವ ಗೆಳತಿಯ ಗಂಡನ ಒಂದು ತಿಂಗಳ ರೋಸ್ಟರ್ ಅದು. ಪೆನ್ಸಿಲ್‌ನಲ್ಲಿ ಸುತ್ತು ಹಾಕಿ ತಂದಿದ್ದಳು. ‘ನೋಡಿ ಅಂಕಲ್, ಇದರಲ್ಲಿ ಆಫ್ ಅಂತ ಬರೆದಿರೋ ದಿನಗಳು. ಅರ್ಧಕ್ಕೆ ಅರ್ಧ ರಾತ್ರಿ ಡ್ಯೂಟಿ ಮುಗಿಸಿದ ಮಾರನೇ ದಿನ. ಅಂದ್ರೆ ಇವರು ಮನೇಲಿ ಇರ್ತಾರೆ, ಆದ್ರೆ ನಿದ್ದೇಲಿರ್ತಾರೆ.’ ಹುಡುಗ ನಕ್ಕು, ‘ಲಾಂಗ್ ಹಾಲ್ ಇರುತ್ತಲ್ಲ, ಅದರಲ್ಲಿ ಬಿಡುವು ಜಾಸ್ತಿ’ ಎಂದ. ಅವನು ಹೇಳಿದ್ದೂ ಸುಳ್ಳಲ್ಲ. ದುಬೈಯಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ 16 ಗಂಟೆಯ ಹಾದಿ. ನಾಲ್ವರು ಪೈಲಟ್‌ಗಳು ಸರದಿಯ ಮೇಲೆ ಬಂಕ್‌ನಲ್ಲಿ ಮಲಗಿ ಎದ್ದು ಹಾರಿಸುತ್ತಾರೆ. ಬಂದ ಮೇಲೆ ಸತತವಾಗಿ ಕೆಲವು ದಿನ ಬಿಡುವು ಸಿಗುತ್ತದೆ. ಆದರೆ ಅಲ್ಲಿಗೂ ದುಬೈಗೂ 11–12 ಗಂಟೆಯ ವ್ಯತ್ಯಾಸ. ಆ ಬಿಡುವಿನ ಮೊದಲ ಭಾಗ ಹಗಲು ಯಾವುದು, ರಾತ್ರಿ ಯಾವುದು ಎಂದು ಮೈಗೆ ಮತ್ತೆ ಕಲಿಸುವುದರಲ್ಲೇ ಮುಗಿಯುತ್ತದೆ.

ಈ ನಿದ್ದೆಗೇಡನ್ನು ಬರೀ ಸೌಖ್ಯದ ಪ್ರಶ್ನೆ ಎಂದು ತಳ್ಳಿಹಾಕುವ ಹಾಗಿಲ್ಲ. ಬೆಳಗಿನ ಜಾವ 2ರಿಂದ 6ರವರೆಗೆ ಮನುಷ್ಯನ ಎಚ್ಚರ ಅತ್ಯಂತ ಕೆಳಮಟ್ಟದಲ್ಲಿರುತ್ತದೆ. ವಿಮಾನಯಾನದ ವಿಶ್ರಾಂತಿ ನಿಯಮಗಳು ರಾತ್ರಿ ಡ್ಯೂಟಿಯನ್ನು ಬೇರೆಯಾಗಿ ಎಣಿಸುವುದು ಇದೇ ಕಾರಣಕ್ಕೆ. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಸತ್ತರು. ಕ್ಯಾಪ್ಟನ್ ಸರ್ಬಿಯಾದವರು, ನಮ್ಮವರು ಕೊಲ್ಲಿಗೆ ಹೋಗುವ ಹಾಗೆ ಭಾರತಕ್ಕೆ ಕೆಲಸಕ್ಕೆ ಬಂದಿದ್ದವರು. ಸಹಪೈಲಟ್ ಎಚ್ಚರಿಸಿದರೂ ಇಳಿಯುವುದನ್ನು ಕೈಬಿಡದಿದ್ದದ್ದು ಅಪಘಾತದ ನೇರ ಕಾರಣ ಎಂದು ತನಿಖಾ ಸಮಿತಿ ಹೇಳಿತು. ಆದರೆ ಕಾಕ್‌ಪಿಟ್‌ನ ಧ್ವನಿಮುದ್ರಣದಲ್ಲಿ ಕ್ಯಾಪ್ಟನ್ ಮೊದಲ ಒಂದು ಗಂಟೆ ನಲವತ್ತು ನಿಮಿಷ ನಿದ್ದೆಯಲ್ಲಿದ್ದುದೂ ದಾಖಲಾಗಿತ್ತು. ಆ ದೀರ್ಘ ನಿದ್ದೆಯಿಂದ ಎದ್ದಾಗಿನ ಮಂಪರನ್ನು ಸಮಿತಿ ಪೂರಕ ಕಾರಣಗಳಲ್ಲಿ ಸೇರಿಸಿತು. ರಾತ್ರಿ ರೋಸ್ಟರ್ ಎಂದರೆ ನನಗೆ ಇದೂ ನೆನಪಾಗುತ್ತದೆ.

ಹಾಗೆಂದು ಇಲ್ಲಿನ ರೋಸ್ಟರ್ ಸ್ವರ್ಗವೇನಲ್ಲ. ಜೆ.ಪಿ. ನಗರದ ಪೈಲಟ್‌ಗೆ ಬೆಳಿಗ್ಗೆ 5ಕ್ಕೆ ರಿಪೋರ್ಟಿಂಗ್ ಇದ್ದರೆ ಕ್ಯಾಬ್ ಬರುವುದು ಮೂರರ ಸುಮಾರಿಗೆ. ಆಮೇಲೆ ಬೆಂಗಳೂರು–ಪುಣೆ–ದೆಹಲಿ ಎಂದೆಲ್ಲ ನಾಲ್ಕು ಸೆಕ್ಟರ್, ಅಂದರೆ ನಾಲ್ಕು ಹಾರಾಟ, ಮುಗಿಸಿ, ಯಾವುದೋ ಊರಿನ ಹೋಟೆಲಿನಲ್ಲಿ ಮಲಗಬೇಕು. ಭಾರತದ ನಿಯಮದಲ್ಲಿ ವರ್ಷಕ್ಕೆ 1,000 ಗಂಟೆ ಹಾರಾಟದ ಮಿತಿಯಿದೆ. ಆ ಮಿತಿಯ ಹತ್ತಿರಕ್ಕೆ ಎಳೆಯುವ ಕಂಪನಿಗಳೂ ಇವೆ. ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸಿ, ರಾತ್ರಿ ಲ್ಯಾಂಡಿಂಗ್‌ಗಳನ್ನು ಆರರಿಂದ ಎರಡಕ್ಕೆ ಇಳಿಸಿದ ನಾಗರಿಕ ವಿಮಾನಯಾನ ನಿರ್ದೇಶನಾಲಯದ (ಡಿಜಿಸಿಎ) ಹೊಸ ನಿಯಮಗಳು 2025ರ ಜುಲೈ ಮತ್ತು ನವೆಂಬರ್‌ನಲ್ಲಿ ಎರಡು ಹಂತಗಳಲ್ಲಿ ಜಾರಿಗೆ ಬಂದವು. ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೊದ ಸಾವಿರಾರು ವಿಮಾನಗಳು ರದ್ದಾಗಿ, ಜನ ನಿಲ್ದಾಣಗಳಲ್ಲಿ ರಾತ್ರಿ ಕಳೆದದ್ದು ನಿಮಗೆ ನೆನಪಿರಬಹುದು. ಪೈಲಟ್‌ಗಳಿಗೆ ನಿದ್ದೆ ಕೊಡಬೇಕಾದರೆ ಎಷ್ಟು ಪೈಲಟ್‌ಗಳು ಬೇಕು ಎಂಬ ಲೆಕ್ಕ ಆಗ ಎಲ್ಲರಿಗೂ ಗೊತ್ತಾಯಿತು. ಕಂಪನಿಗೆ ಕೆಲವು ನಿಯಮಗಳಿಂದ ತಾತ್ಕಾಲಿಕ ವಿನಾಯಿತಿಯೂ ಸಿಕ್ಕಿತು. ಹೀಗಾಗಿ ಹೋಲಿಸಬೇಕಾದದ್ದು ಇಲ್ಲಿನ ನಿಜವಾದ ರೋಸ್ಟರನ್ನು ಅಲ್ಲಿನ ನಿಜವಾದ ರೋಸ್ಟರ್ ಜೊತೆಗೆ. ಬೆಂಗಳೂರಿನಲ್ಲಿ ಮನೆ, ದೆಹಲಿಯಲ್ಲಿ ಬೇಸ್ (ಡ್ಯೂಟಿ ಶುರುವಾಗುವ ಊರು) ಇರುವವರು ಎಷ್ಟೋ ಜನ. ಅಂಥವರು ಆಗಲೇ ಅರ್ಧ ಪರದೇಶಿಗಳು. ಅವರಿಗೆ ಸಂಸಾರ ಸಮೇತ ದುಬೈಗೆ ಹೋಗುವುದೇ ಮನೆಯವರಿಗೆ ಹೆಚ್ಚು ಸಿಗುವ ದಾರಿಯಾಗಬಹುದು.

‘ನಾಲ್ಕು ಗಂಟೆಯ ಹಾದಿ, ಬಿಡುವಿದ್ದಾಗಲೆಲ್ಲ ಊರಿಗೆ ಬಂದು ಹೋಗುತ್ತೇನೆ’ ಎನ್ನುವವರಿಗೆ ಸ್ಟಾಫ್ ಟಿಕೆಟ್‌ನ ಸ್ವಭಾವ ಗೊತ್ತಿರಬೇಕು. ಅಗ್ಗ ನಿಜ, ಆದರೆ ಸೀಟು ಉಳಿದಿದ್ದರೆ ಮಾತ್ರ. ಯುಗಾದಿಗೆ, ದೀಪಾವಳಿಗೆ, ಶಾಲೆಗಳ ಬೇಸಿಗೆ ರಜೆಗೆ ದುಬೈ–ಬೆಂಗಳೂರು, ದುಬೈ–ಮಂಗಳೂರು ವಿಮಾನಗಳಲ್ಲಿ ಸೀಟು ಉಳಿಯುವುದಿಲ್ಲ. ಬ್ಯಾಗ್ ಹಿಡಿದು ಕೌಂಟರಿನ ಪಕ್ಕ ನಿಂತು, ಕೊನೆಯ ಪ್ರಯಾಣಿಕ ಬಾರದಿರಲಿ ಎಂದು ಬೇಡಿಕೊಂಡು, ಬಂದನೆಂದು ಮನೆಗೆ ಮರಳುವವರಲ್ಲಿ ಕ್ಯಾಪ್ಟನ್‌ಗಳೂ ಇರುತ್ತಾರೆ. ಊರಲ್ಲಿ ವಯಸ್ಸಾದ ತಂದೆ-ತಾಯಿ ಇರುವವರು ವರ್ಷಕ್ಕೆ ಕೆಲವು ಸಲವಾದರೂ ಪೂರ್ತಿ ದರದ ಟಿಕೆಟ್ ಕೊಳ್ಳುವ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ವಾಪಸಾಗುವ ಮಾತು. ಹೋಗುವಾಗಿನ ಅಡಚಣೆ ಎಲ್ಲರಿಗೂ ಗೊತ್ತು: 2017ರ ಡಿಜಿಸಿಎ ನಿಯಮದ ಪ್ರಕಾರ ಕ್ಯಾಪ್ಟನ್‌ಗೆ ಒಂದು ವರ್ಷ, ಸಹಪೈಲಟ್‌ಗೆ ಆರು ತಿಂಗಳ ನೋಟಿಸ್. ಬರುವಾಗಿನ ಅಡಚಣೆಯನ್ನು ಯಾರೂ ಕೇಳುವುದಿಲ್ಲ. ನಿಮ್ಮನ್ನು ಅಲ್ಲಿ ಎ380ಗೆ ಹಾಕಿದರು ಎನ್ನಿ. ಅದು ಪ್ರಪಂಚದ ಅತಿ ದೊಡ್ಡ ಪ್ರಯಾಣಿಕ ವಿಮಾನ, ಹಾರಿಸುವುದೇ ಒಂದು ಹೆಮ್ಮೆ. ಆದರೆ ಭಾರತದ ಯಾವ ಕಂಪನಿಯಲ್ಲೂ ಎ380 ಇಲ್ಲ. ಮರಳಿ ಬಂದರೆ ಮತ್ತೆ ಬೇರೆ ವಿಮಾನದ ಟೈಪ್ ರೇಟಿಂಗ್ (ಆ ವಿಮಾನ ಹಾರಿಸುವ ಅರ್ಹತೆ), ಮತ್ತೆ ಸೀನಿಯಾರಿಟಿ ಪಟ್ಟಿಯ ತಳ. 777 ಆದರೆ ಏರ್ ಇಂಡಿಯಾದ ಬಾಗಿಲಾದರೂ ಇದೆ. ಯಾವ ವಿಮಾನಕ್ಕೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಸಂದರ್ಶನದಲ್ಲೇ ಕೇಳಬೇಕಾದದ್ದು ಇದಕ್ಕೇ. ಭಾರತದ ಲೈಸೆನ್ಸ್ ಮತ್ತು ಡಿಜಿಸಿಎ ಮೆಡಿಕಲ್ (ವೈದ್ಯಕೀಯ ಪ್ರಮಾಣಪತ್ರ) ಎರಡನ್ನೂ ಅವಧಿ ಮುಗಿಯಲು ಬಿಡಬಾರದು. ರಜೆಗೆ ಬಂದಾಗ ಒಂದು ದಿನವನ್ನು ಅದಕ್ಕೆ ಎತ್ತಿಡುವುದು ಬೇಸರದ ಕೆಲಸವೇ, ಆದರೆ ವಾಪಸಾಗುವ ಬಾಗಿಲಿನ ಬೀಗದಕೈ ಅದೇ.

ಕೆಲಸದ ಭದ್ರತೆಯ ವಿಷಯದಲ್ಲಿ ನಮಗೆ ಜಂಬ ಕೊಚ್ಚಿಕೊಳ್ಳಲು ಏನೂ ಉಳಿದಿಲ್ಲ. ಬೆಂಗಳೂರಿನದೇ ಆದ ಕಿಂಗ್‌ಫಿಷರ್ 2012ರಲ್ಲಿ ನಿಂತಿತು, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ. ಕೊಲ್ಲಿಯಲ್ಲೂ 2020ರಲ್ಲಿ ಕೋವಿಡ್ ಬಂದಾಗ ದೊಡ್ಡ ಕಂಪನಿಗಳೇ ಪೈಲಟ್‌ಗಳನ್ನು ಮನೆಗೆ ಕಳಿಸಿದವು. ವ್ಯತ್ಯಾಸ ಇಷ್ಟೇ: ಇಲ್ಲಿ ಕೆಲಸ ಹೋದರೆ ಕೆಲಸ ಮಾತ್ರ ಹೋಗುತ್ತದೆ. ಅಲ್ಲಿ ವೀಸಾ, ಕಂಪನಿ ಮನೆ, ಶಾಲೆಯ ಭತ್ಯೆ ಎಲ್ಲವೂ ಅದೇ ಕೆಲಸಕ್ಕೆ ಜೋತುಬಿದ್ದಿರುತ್ತವೆ. ಕಿವಿಯ ತೊಂದರೆಯೋ ಹೃದಯದ ತೊಂದರೆಯೋ ಬಂದು ಮೆಡಿಕಲ್ ಹೋದರೂ ಅದೇ ಕಥೆ. ಆದ್ದರಿಂದ ಲೈಸೆನ್ಸ್ ಕಳೆದುಕೊಂಡರೆ ಹಣ ಕೊಡುವ ವಿಮೆ ಆಫರ್‌ನಲ್ಲಿ ಇದೆಯೇ, ಎಷ್ಟಕ್ಕೆ ಎಂದು ಕೇಳಿ. ಇಲ್ಲದಿದ್ದರೆ ಸ್ವಂತ ಖರ್ಚಿನಲ್ಲಿ ಮಾಡಿಸಿ. ಆರು ತಿಂಗಳ ಖರ್ಚನ್ನು ಊರಿನ ಬ್ಯಾಂಕಿನಲ್ಲಿ ಇಡುವವರೆಗೆ ದೊಡ್ಡ ಕಾರಿನ ಸಾಲ ಬೇಡ.

ಹಾಗಾದರೆ ಯಾರು ಹೋಗಬೇಕು? ಮದುವೆಯಾಗದ, ಅಥವಾ ಮಕ್ಕಳಿನ್ನೂ ಚಿಕ್ಕವರಿರುವ, ದೊಡ್ಡ ವಿಮಾನ ಹಾರಿಸುವ ಆಸೆಯಿರುವ, ಇಲ್ಲಿ ಕಮಾಂಡ್ ಇನ್ನೂ ದೂರವಿರುವ ಸಹಪೈಲಟ್ ಹೋಗಲಿ. ಅನುಭವಕ್ಕೂ ಅನುಭವ, ಕೈಗೂ ನಾಲ್ಕು ಕಾಸು. ಇಲ್ಲೇ ಬೇಸ್ ಬೇರೆ ಊರಿನಲ್ಲಿದ್ದು ಸಂಸಾರ ಬಿಟ್ಟು ಒದ್ದಾಡುತ್ತಿರುವ ಕ್ಯಾಪ್ಟನ್ ಕೂಡ ಯೋಚಿಸಬಹುದು. ಕಮಾಂಡ್ ಇನ್ನೇನು ಬಂತು ಎನ್ನುವವರು ಅದನ್ನು ಪಡೆದು, ಕ್ಯಾಪ್ಟನ್ ಆಗಿ ಸಾಕಷ್ಟು ಗಂಟೆ ಹಾರಿಸಿ ಆಮೇಲೆ ನೋಡಲಿ. ಆಗ ಸಿಗುವ ಆಫರ್ ಬೇರೆಯೇ ಇರುತ್ತದೆ. ನಲವತ್ತು ದಾಟಿ, ತಂದೆ-ತಾಯಿಯ ಆರೋಗ್ಯ ಕೈಕೊಡುತ್ತಿರುವಾಗ, ಹೆಂಡತಿಯದೋ ಗಂಡನದೋ ಒಳ್ಳೆಯ ಕೆಲಸ ಬಿಡಿಸಿ ಹೊರಡುವವರಿಗೆ ತಿಂಗಳಿಗೆ ಎರಡು ಲಕ್ಷದ ಅಂತರ ಸಾಲದು ಎಂಬುದು ನನ್ನ ಅಭಿಪ್ರಾಯ. ಬಿಟ್ಟ ಕೆಲಸದ ಸಂಬಳವನ್ನು ಕಳೆದರೆ ಆ ಅಂತರವೂ ಉಳಿದಿರುವುದಿಲ್ಲ. ಯಾರೇ ಆಗಲಿ, ಅದೇ ಕಂಪನಿಯ ಅದೇ ವಿಮಾನದಲ್ಲಿ ನಿಮ್ಮ ದರ್ಜೆಯಲ್ಲೇ ಇರುವ ಒಬ್ಬರ ಮೂರು ತಿಂಗಳ ರೋಸ್ಟರ್ ತರಿಸಿಕೊಳ್ಳಿ. ತಿಂಗಳ ಮೊದಲು ಪ್ರಕಟವಾದದ್ದು ಬೇಡ, ಬದಲಾವಣೆಗಳೆಲ್ಲ ಆಗಿ ನಿಜಕ್ಕೂ ಹಾರಿಸಿದ್ದು ಬೇಕು. ಮನೆಯವರ ಜೊತೆ ಕೂತು ಓದಿ.

ಕೊನೆಯದಾಗಿ, ಎಷ್ಟು ವರ್ಷ ಎಂಬುದನ್ನು ಹೊರಡುವ ಮೊದಲೇ ಗೊತ್ತು ಮಾಡಿಕೊಳ್ಳಿ. ಐದು ವರ್ಷ ಎಂದು ಹೋದವರು ಹದಿನೈದು ವರ್ಷ ಉಳಿದದ್ದನ್ನು ನಾನು ಬಹಳ ನೋಡಿದ್ದೇನೆ. ಹೆಚ್ಚಿನವರನ್ನು ಹಿಡಿದಿಟ್ಟದ್ದು ಮಕ್ಕಳ ಶಾಲೆ. ಬ್ರಿಟಿಷ್ ಪಠ್ಯಕ್ರಮದಲ್ಲಿ ಓದಿದ ಮಗಳನ್ನು ಒಂಬತ್ತನೇ ತರಗತಿಯ ನಡುವೆ ಎಬ್ಬಿಸಿ ಬೆಂಗಳೂರಿನ ಶಾಲೆಗೆ ಹಾಕಲು ಯಾವ ತಾಯಿಯೂ ಒಪ್ಪುವುದಿಲ್ಲ. ದುಬೈಯಲ್ಲಿ ಸಿಬಿಎಸ್‌ಇ ಶಾಲೆಗಳು ಧಾರಾಳವಾಗಿವೆ, ಶುಲ್ಕವೂ ಕಡಿಮೆ. ವಾರಾಂತ್ಯದಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ಪಾಠಶಾಲೆಯನ್ನು ಅಲ್ಲಿನ ಕನ್ನಡಿಗರೇ ನಡೆಸುತ್ತಿದ್ದಾರೆ. ಶಾಲೆಗೆ ಅರ್ಜಿ ತುಂಬುವ ದಿನವೇ ವಾಪಸಾಗುವ ವರ್ಷವನ್ನೂ ತೀರ್ಮಾನಿಸಿದರೆ, ಆ ವರ್ಷ ಬಂದಾಗ ನಿರ್ಧಾರ ನಿಮ್ಮ ಕೈಯಲ್ಲೇ ಇರುತ್ತದೆ.